ಪಾರದವೂ ಪಕ್ಷಿಗಳ ಮಿದುಳೂ

ಪಾದರಸಕ್ಕೆ ಸಂಸ್ಕೃತದಲ್ಲಿ ಪಾರದವೆಂದು ಹೆಸರು. ಸಂಸಾರಸಾಗರದ ಪಾರವನ್ನು, ಎಂದರೆ ಆಚೆಯ ದಡವನ್ನು, ಕೊಡತಕ್ಕದ್ದೆಂದು ರಸಶಾಸ್ತ್ರಜ್ಞರು ಆ ಪದಕ್ಕೆ ಅರ್ಥ ಹೇಳುವರು. ಆದರೆ ಇದೇ ದ್ರವ್ಯವು ಜಲಾಶಯಗಳನ್ನು ಸೇರಿತೆಂದರೆ ದಡ ಮುಟ್ಟಿಸುವುದಂತಿರಲಿ, ಆಕಾಶದಲ್ಲಿ ಹಾರುವ ಹಕ್ಕಿಯನ್ನೂ ನೆಲಕ್ಕೆ ಕೆಡಹುವುದು.

ಜಪಾನ್ ದೇಶದ ಮಿನಮಾಟದಲ್ಲಿ ಚಿಸ್ಸೋ ಎಂಬ ರಾಸಾಯನಿಕ ಕಾರ್ಖಾನೆಯು 1932ರಿಂದ ಬಹುಕಾಲ ಪಾದರಸದ ವಿಷವುಳ್ಳ ಕೊಳೆನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. 1950ರ ದಶಕದಲ್ಲಿ ಅಲ್ಲಿಯ ಕಾಗೆಗಳು ಹಾರುತ್ತಿದ್ದಂತೆಯೇ ಉದುರಿಬಿದ್ದವು. ಬೆಕ್ಕುಗಳು ಹುಚ್ಚುಕುಣಿತ ಕುಣಿದು ಸತ್ತವು. ಆ ಸೂಚನೆಯ ಅರ್ಥವು ತಿಳಿಯುವುದರೊಳಗೆ, 1956ರಲ್ಲಿ, ಐದು ವರ್ಷದ ಬಾಲಿಕೆಯೊಬ್ಬಳು ನಡೆಯಲಾರದೆ, ಮಾತನಾಡಲಾರದೆ ಆಸ್ಪತ್ರೆಯನ್ನು ಸೇರಿದಳು. ಮೂಲವು ಪಾದರಸವೆಂದು ಕುಮಾಮೋಟೋ ವಿಶ್ವವಿದ್ಯಾನಿಲಯದ ಸಂಶೋಧಕರು ಸಾರಿದುದು 1959ರಲ್ಲಿ. ಸರ್ಕಾರವು ಕಾರ್ಖಾನೆಯ ಹೊಣೆಯನ್ನು ಒಪ್ಪಿಕೊಂಡುದು 1968ರಲ್ಲಿ!

ಕಾಗೆ ಬಿದ್ದುದೇಕೆ? ಮೀಥೈಲ್ ಪಾದರಸವೆಂಬ ರೂಪದಲ್ಲಿ ಈ ವಿಷವು ಕಿರುಜೀವಿಗಳಿಂದ ಮೀನಿಗೂ, ಮೀನಿನಿಂದ ಹಕ್ಕಿಗೂ ಏರುತ್ತ, ಮೆಟ್ಟಿಲುಮೆಟ್ಟಿಲಿಗೆ ಸಾಂದ್ರವಾಗುವುದು. ಬಳಿಕ ರಕ್ತದೊಡನೆ ಮಿದುಳನ್ನು ಹೊಗುವುದು. ಅಂಗಾಂಗಗಳ ಚಲನೆಯನ್ನು ಹೊಂದಿಸುವ ಕಿರುಮಿದುಳು ಕೆಟ್ಟರೆ ರೆಕ್ಕೆಯಿದ್ದೂ ಹಕ್ಕಿಯು ಹಾರಲಾರದು.

ಕೆಲವೆಡೆ ಹಾನಿಯು ಇಷ್ಟು ಪ್ರಕಟವಾಗಿ ಕಾಣದು. ಅಮೆರಿಕದ ವರ್ಜೀನಿಯದಲ್ಲಿ ಸೌತ್ ರಿವರ್ ಎಂಬ ನದಿಗೆ 1929ರಿಂದ 1950ರವರೆಗೆ ಒಂದು ಕಾರ್ಖಾನೆಯಿಂದ ಪಾದರಸವು ಸೇರಿತು. ಅರ್ಧ ಶತಮಾನ ಕಳೆದ ಮೇಲೂ ಅದು ದಡದ ಜೇಡಗಳ ದ್ವಾರಾ, ಮೀನನ್ನೇ ಮುಟ್ಟದ ರೆನ್ ಎಂಬ ಪುಟ್ಟ ಹಕ್ಕಿಗಳ ಮೈಯನ್ನು ಹೊಕ್ಕಿತ್ತು. ಅವುಗಳ ಹಾಡು ಮೊಟಕಾಗಿ, ಸ್ವರವು ತಗ್ಗಿರುವುದನ್ನು ವಿದ್ವಾಂಸರು ಕಂಡರು. ನಮ್ಮ ಮಕ್ಕಳು ಗುರುಮುಖದಿಂದ ಪಾಠವನ್ನು ಕಲಿಯುವಂತೆ ಈ ಮರಿಗಳೂ ಹಿರಿಯ ಹಕ್ಕಿಗಳಿಂದ ಹಾಡನ್ನು ಕೇಳಿ ಕಲಿಯುವುವು. ಕಲಿಯುವ ಮಿದುಳಿಗೇ ಪೆಟ್ಟುಬಿದ್ದರೆ ಪಾಠವು ನಿಲ್ಲುವುದೆಂತು?

ವಾಚಕ ಮಹಾಶಯರೇ, ಇದು ದೂರದೇಶದ ವಾರ್ತೆಯೆಂದು ಪುಟ ತಿರುವಬೇಡಿರಿ. ಹಳೆಯ ಜ್ವರಮಾಪಕವು ಮನೆಯಲ್ಲಿ ಒಡೆದರೆ ಮಕ್ಕಳನ್ನು ದೂರವಿರಿಸಿ, ಕಿಟಕಿಗಳನ್ನು ತೆರೆಯಿರಿ. ಆ ಬೆಳ್ಳಿಹನಿಗಳನ್ನು ಪೊರಕೆಯಿಂದ ಗುಡಿಸದೆ, ಬಚ್ಚಲಿಗೂ ಚೆಲ್ಲದೆ, ಗಟ್ಟಿಕಾಗದದಿಂದ ಕೂಡಿಸಿ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ, ಅಪಾಯಕರವಾದ ಕಸವೆಂದು ತಿಳಿಸಿ ನಗರಸಭೆಯವರಿಗೆ ಒಪ್ಪಿಸಿರಿ. ನಮ್ಮ ಬಚ್ಚಲ ನೀರೂ ಎಲ್ಲಿಯೋ ಒಂದು ಕೆರೆಯನ್ನು ಸೇರುವುದು. ಆ ಕೆರೆಯ ಮೇಲೂ ಹಕ್ಕಿಗಳು ಹಾರುತ್ತಿರುವುವು.