ತಮಟೆ ಕಾದಾಗ ಮುದ್ದೆ ಬೆಂದಾಗ

ಮಳವಳ್ಳಿ ಸೀಮೆಯ ಮಾರಮ್ಮನ ಹಬ್ಬ ನೋಡಬೇಕೆಂದರೆ ಕೋಳಿ ಕೂಗುವ ಮೊದಲೇ ಊರು ಸೇರಿರಬೇಕು. ಕೊಂಡ ಹಾಯುವುದು ನಸುಕಿನಲ್ಲಿ. ತಡವಾಗಿ ಹೋದವರಿಗೆ ಹಣೆಗಿಟ್ಟುಕೊಳ್ಳಲು ಬೂದಿ ಸಿಗುತ್ತದೆ, ಅಷ್ಟೆ.

ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಬೇಸಿಗೆಯೆಂದರೆ ಭತ್ತದ ಗದ್ದೆ ಬರಿದಾಗಿ ಕೈ ಬಿಡುವಾಗುವ ಕಾಲ. ಯುಗಾದಿ ಮಾರನೆಯ ದಿನದ ಹೊಸತೊಡಕಿಗೆ ಗುಡ್ಡೆ ಬಾಡು ಹಂಚಿಕೊಂಡರೆಂದರೆ ಮುಂಗಾರು ಇಳಿಯುವವರೆಗೂ ಒಂದಲ್ಲ ಒಂದು ಊರಲ್ಲಿ ಹಬ್ಬ. ಮೊದಲು ತಮಟೆ ಬಡಿದು ಸಾರು ಹಾಕುತ್ತಾರೆ, ಅಂದರೆ ಹಬ್ಬ ಸಾರುತ್ತಾರೆ. ಕೆಲವು ಊರುಗಳಲ್ಲಿ ಆಮೇಲೆ ಒಗ್ಗರಣೆ ಹಾಕುವಂತಿಲ್ಲ. ಬಾಡೂಟದ ಊರಿನಲ್ಲಿ ಸಾಸಿವೆಯ ಚಟಪಟವೂ ಇಲ್ಲದ ಆ ದಿನಗಳು ನನಗೆ ಭಾರಿ ತಮಾಷೆಯಾಗಿ ಕಾಣುತ್ತವೆ. ಕೊಂಡಕ್ಕೆ ಸೌದೆ ತರುವ ಬಂಡಿಗೆ ಸಿಂಗಾರ, ಎತ್ತಿನ ಕೊಂಬಿಗೆ ಬಣ್ಣ. ಹೆಂಗಸರ ತಲೆಯ ಮೇಲೆ ತಂಬಿಟ್ಟಿನ ಆರತಿ.

ಈ ಹಬ್ಬಕ್ಕೆ ಗಡಿಯಾರವೆಂದರೆ ತಮಟೆ. ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮವನ್ನು ಕಾಯಿಸುತ್ತಾರೆ. ಬಿಗಿಯಾದಷ್ಟೂ ದನಿ ಖಣಖಣ. ಒಂದು ಕೈಯಲ್ಲಿ ತೆಳ್ಳನೆಯ ಕಡ್ಡಿ, ಇನ್ನೊಂದರಲ್ಲಿ ದಪ್ಪ ಕೋಲು. ಇರುಳ ತಂಪಿಗೆ ಸಡಿಲವಾಯಿತೋ, ಮತ್ತೆ ಬೆಂಕಿಯ ಹತ್ತಿರ. ಪೂಜಾ ಕುಣಿತ ನಿಂತಿರುವುದೇ ಈ ಬಡಿತದ ಮೇಲೆ. ಬಿದಿರಿನ ಚೌಕಟ್ಟಿಗೆ ಸೀರೆ ಸುತ್ತಿ, ನಡುವೆ ಅಮ್ಮನ ಮುಖವಿಟ್ಟು, ಅದನ್ನು ತಲೆಯ ಮೇಲೆ ಹೊತ್ತು ಕೈಬಿಟ್ಟು ಕುಣಿಯುತ್ತಾರೆ. ಬಡಿತ ಜೋರಾದಂತೆ ಕಾಲು ಚುರುಕಾಗುತ್ತದೆ, ಕತ್ತು ಮಾತ್ರ ಅಲುಗುವುದಿಲ್ಲ. ಇಷ್ಟೆಲ್ಲ ನಡೆಸುವ ತಮಟೆಯವರನ್ನೇ ಎಷ್ಟೋ ಊರುಗಳು ಗುಡಿಯ ಹೊರಗೆ ನಿಲ್ಲಿಸಿದ್ದವು. ಕುಣಿತ ಹೊಗಳುವಾಗ ಅದನ್ನು ಮರೆಯಲಾಗದು.

ಇನ್ನು ಊಟ. ಊರಿಗೆ ಊರೇ ಹೊಗೆಯಾಡುತ್ತದೆ. ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಹೆಸರನ್ನೇ ಒಂದು ಕುರಿತಳಿಗೆ ಕೊಟ್ಟ ಊರು. ಗಿಡ್ಡ ಕಾಲು, ತುಂಬಿದ ಮೈ. ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ಲಾಳವನ್ನು ತಲೆಕೆಳಗಾಗಿಸಿದಂತೆ ಅಗಲದ ಕಮಾನು. ಕೊಬ್ಬು ಮಾಂಸದೊಳಗೇ ಬೆರೆತಿರುವುದರಿಂದ ಬಾಯಲ್ಲಿ ಕರಗುತ್ತದೆಂದು ಇಲ್ಲಿಯವರ ಹೆಮ್ಮೆ. ತಲೆಮಾಂಸ, ಬೋಟಿ ಗೊಜ್ಜು, ಕಾಲು ಸೂಪು, ಬಾಡಿನ ಸಾರು, ಅದರಲ್ಲಿ ಮುಳುಗಿ ಏಳುವ ರಾಗಿಮುದ್ದೆ. ಮುದ್ದೆ ಅಗಿಯಬಾರದು, ನುಂಗಬೇಕು. ಎಲೆಯ ಮುಂದೆ ಕೂತವರಿಗೆ ಬೇಡವೆನ್ನುವ ಹಕ್ಕಿಲ್ಲ: ‘ಇನ್ನೊಂದ್ ಮುದ್ದೆ ಇಕ್ಸ್ಕೊಳಣ್ಣ, ಏನ್ ನಾಚ್ಕೆ!’ 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕೆಂಬ ಕೂಗೆದ್ದದ್ದು ಹೊರಗಿನವರಿಗೆ ಸೋಜಿಗ. ಇಂಥ ಒಂದು ಹಬ್ಬದಲ್ಲಿ ಉಂಡವರಿಗೆ ಅದು ಅಷ್ಟೇನೂ ಸೋಜಿಗವಲ್ಲ. ನೆಂಟರನ್ನು ಕರೆದು ಬಾಡಿಕ್ಕದೆ ಕಳಿಸುವುದು ಇಲ್ಲಿ ಅವಮಾನದ ಲೆಕ್ಕ.

ಸಂಜೆಗೆ ಬಸ್ಸು ಹಿಡಿದರೆ ಮದ್ದೂರು ಬರುತ್ತದೆ. 1917ರಲ್ಲಿ ಇಲ್ಲಿನ ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬುವರು ರೈಲು ಹೊರಡುವ ಅವಸರಕ್ಕೆ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟದ್ದೇ ಮದ್ದೂರು ವಡೆಯಾಯಿತು ಎನ್ನುತ್ತಾರೆ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ, ಕರಿಬೇವು. ತಣ್ಣಗಾದ ಮೇಲೂ ತಿನ್ನಬಹುದಾದ್ದರಿಂದ ಪಯಣಕ್ಕೆ ಹೇಳಿಮಾಡಿಸಿದಂತಿದೆ. ಎರಡು ಮುದ್ದೆ ನುಂಗಿದ ಹೊಟ್ಟೆಗೆ ಇನ್ನು ಜಾಗವೆಲ್ಲಿ ಎಂದುಕೊಂಡೇ ಬಸ್ಸಿಳಿದು, ನಾಲ್ಕು ವಡೆ ಕಟ್ಟಿಸಿಕೊಂಡೆ.