ನೀಲಿ ಬಣ್ಣ ಯಾಕೆ ಮಸುಕಾಯಿತು?



ಈ ಲೇಖನದ ಪಕ್ಕದಲ್ಲಿ ಅಂಟಿಸಿರುವ ಫೋಟೋ ನೋಡಿ. ಅದು ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆ. ಆಕಾಶದಲ್ಲಿ ಸಾಲಾಗಿ ಮೂರು ನಕ್ಷತ್ರ ಕಾಣುತ್ತವಲ್ಲ, ಅದರ ಕೆಳಗೆ ಇರುವ ಅನಿಲ ಮತ್ತು ಧೂಳಿನ ಮೋಡ ಅದು. ನಮ್ಮಿಂದ ಸುಮಾರು 1,300 ಜ್ಯೋತಿರ್ವರ್ಷ ದೂರ. ಫೋಟೋ ಚೆನ್ನಾಗಿದೆ ಅಂತ ಎಲ್ಲರೂ ಹೇಳಿದಿರಿ. ಆದರೆ ಹತ್ತಿರ ಹೋಗಿ ನೋಡಿ. ಪ್ರತಿ ನಕ್ಷತ್ರದ ಸುತ್ತಲೂ ಒಂದು ನೀಲಿ ಬಳೆ ಇದೆ. ಆಕಾಶದಲ್ಲಿ ಅಂಥ ಬಳೆ ಇಲ್ಲ. ಅದು ನನ್ನ ತಪ್ಪಿನಿಂದ ಬಂದದ್ದು.

ಸಂಕ್ರಾಂತಿ ರಜೆಗೆ ಬೆಂಗಳೂರಿನಿಂದ ನಮ್ಮ ಸೋದರಮಾವ ದೂರದರ್ಶಕ ತಂದಿದ್ದರು. ಅವರ ಕ್ಯಾಮೆರಾಕ್ಕೆ ಬಣ್ಣ ಗೊತ್ತಾಗುವುದಿಲ್ಲ, ಬರೀ ಕಪ್ಪು ಬಿಳುಪು. ಹಾಗಾದರೆ ಬಣ್ಣ ಎಲ್ಲಿಂದ ಬರುತ್ತದೆ? ಕ್ಯಾಮೆರಾದ ಮುಂದೆ ಕೆಂಪು ಗಾಜು ಇಟ್ಟು ಒಂದಷ್ಟು ಫೋಟೋ, ಹಸಿರು ಗಾಜು ಇಟ್ಟು ಒಂದಷ್ಟು, ನೀಲಿ ಗಾಜು ಇಟ್ಟು ಒಂದಷ್ಟು ತೆಗೆಯುತ್ತಾರೆ. ಈ ಗಾಜುಗಳಿಗೆ ಫಿಲ್ಟರ್ ಎನ್ನುತ್ತಾರೆ. ಆಮೇಲೆ ಮೂರನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಸೇರಿಸಿದರೆ ಬಣ್ಣದ ಚಿತ್ರ ಸಿದ್ಧ.

ರಾತ್ರಿ 8 ಗಂಟೆಗೆ ಮನೆಯ ತಾರಸಿ ಮೇಲೆ ಶುರು ಮಾಡಿದೆವು. "ಮಾವ, ನಾನು ಫೋಕಸ್ ಮಾಡ್ಲಾ?" ಅಂದೆ. ಮಾವ ಹೇಳಿಕೊಟ್ಟರು. ಕೆಂಪು ಫಿಲ್ಟರ್ ಹಾಕಿ ಲುಬ್ಧಕ ನಕ್ಷತ್ರ ಚುಕ್ಕಿಯಂತೆ ಕಾಣುವ ತನಕ ತಿರುಪು ತಿರುಗಿಸಿದೆ. ಪ್ರತಿ ಬಣ್ಣಕ್ಕೂ 3 ನಿಮಿಷದ 20 ಫೋಟೋ, ಅಂದರೆ ಒಂದು ಗಂಟೆ. ಚಳಿ ಜೋರಾಗಿತ್ತು, ನಿದ್ದೆಯೂ ಬರುತ್ತಿತ್ತು. ನೀಲಿಗೆ ಬರುವ ಹೊತ್ತಿಗೆ ಮಾವ, "ಪುಟ್ಟಿ, ಮತ್ತೆ ಫೋಕಸ್ ನೋಡಿದ್ಯಾ?" ಅಂತ ಕೇಳಿದರು. ನಾನು ನೋಡಿರಲಿಲ್ಲ. "ನೋಡಿದೀನಿ ಮಾವ" ಅಂದುಬಿಟ್ಟೆ. ಮಾರನೇ ದಿನ ಮೋಡ. ಅದರ ಮಾರನೇ ದಿನ ಅವರ ರಜೆ ಮುಗಿಯಿತು.

ಒಂದು ಸಲ ಸರಿ ಮಾಡಿದ ಫೋಕಸ್ ಆಮೇಲೆ ಯಾಕೆ ತಪ್ಪುತ್ತದೆ? ಇದಕ್ಕೆ ಮೂರು ಕಾರಣಗಳಿವೆ.

1. ಮಸೂರ: ಪಟ್ಟಕದಲ್ಲಿ ಬಿಳಿ ಬೆಳಕು ಏಳು ಬಣ್ಣವಾಗುವುದನ್ನು ನಾವು ಓದಿದ್ದೇವೆ. ನೀಲಿ ಹೆಚ್ಚು ಬಾಗುತ್ತದೆ, ಕೆಂಪು ಕಡಿಮೆ. ಮಸೂರವೂ ಗಾಜೇ ತಾನೇ? ಅದರಲ್ಲಿಯೂ ಬಣ್ಣಗಳು ಬೇರೆ ಬೇರೆ ದೂರದಲ್ಲಿ ಕೂಡುತ್ತವೆ. ಈ ತೊಂದರೆಯಿಂದ ತಪ್ಪಿಸಿಕೊಳ್ಳಲು ನ್ಯೂಟನ್ 1668ರಲ್ಲಿ ಮಸೂರದ ಬದಲು ಕನ್ನಡಿಯ ದೂರದರ್ಶಕ ಮಾಡಿದರು. ಕನ್ನಡಿ ಎಲ್ಲಾ ಬಣ್ಣವನ್ನೂ ಒಂದೇ ರೀತಿ ಪ್ರತಿಫಲಿಸುತ್ತದೆ. 1758ರಲ್ಲಿ ಲಂಡನ್ನಿನ ಜಾನ್ ಡಾಲಂಡ್ ಎರಡು ಬಗೆಯ ಗಾಜು ಸೇರಿಸಿದ ಜೋಡಿ ಮಸೂರಕ್ಕೆ ಪೇಟೆಂಟ್ ಪಡೆದರು. ಮಾವನದೂ ಜೋಡಿ ಮಸೂರವೇ. ಅದರಲ್ಲಿ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ.

2. ಫಿಲ್ಟರಿನ ದಪ್ಪ: ಬೆಳಕಿನ ದಾರಿಯಲ್ಲಿ ಗಾಜು ಇಟ್ಟರೆ ಫೋಕಸ್ ಆ ಗಾಜಿನ ದಪ್ಪದ ಮೂರನೇ ಒಂದು ಭಾಗದಷ್ಟು ಹಿಂದೆ ಸರಿಯುತ್ತದೆ. ಒಂದು ಫಿಲ್ಟರ್ 2 ಮಿ.ಮೀ., ಇನ್ನೊಂದು 3 ಮಿ.ಮೀ. ಇದ್ದರೆ 0.3 ಮಿ.ಮೀ. ವ್ಯತ್ಯಾಸ ಬಂದೇ ಬಿಟ್ಟಿತು! ಅದಕ್ಕೇ ಎಲ್ಲವನ್ನೂ ಒಂದೇ ದಪ್ಪದವು ನೋಡಿ ತೆಗೆದುಕೊಳ್ಳಬೇಕು.

3. ಚಳಿ: ಲೋಹ ತಣ್ಣಗಾದರೆ ಕುಗ್ಗುತ್ತದೆ. ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆ 8 ಡಿಗ್ರಿ ತಣ್ಣಗಾದರೆ ಸುಮಾರು 0.09 ಮಿ.ಮೀ. ಕುಗ್ಗುತ್ತದೆ.

ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾಗುತ್ತೆ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಮಾವನ ದೂರದರ್ಶಕದ ಮಸೂರ 80 ಮಿ.ಮೀ. ಅಗಲ, ಅದರ ನಾಭಿದೂರ 480 ಮಿ.ಮೀ. ಇದರಲ್ಲಿ ಫೋಕಸ್ ಸರಿಯಾಗಿರುವ ಜಾಗ ಸುಮಾರು 0.1 ಮಿ.ಮೀ. ಮಾತ್ರ. ಅಂದರೆ ನಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ! ಎರಡು ಹಾಳೆಯಷ್ಟು ಆಚೀಚೆ ಆದರೂ ನಕ್ಷತ್ರ ಊದಿಕೊಳ್ಳುತ್ತದೆ. ಕೆಂಪಿನಲ್ಲಿ ಚುಕ್ಕಿ ಸಣ್ಣದು, ನೀಲಿಯಲ್ಲಿ ದೊಡ್ಡದು. ಎರಡನ್ನೂ ಸೇರಿಸಿದಾಗ ಹೊರಗೆ ಉಳಿದ ನೀಲಿಯೇ ಆ ಬಳೆ.

ಸರಿಯಾದ ಕ್ರಮ ಹೀಗಿದೆ. ಮೊದಲು ದೂರದರ್ಶಕವನ್ನು ಒಂದು ಗಂಟೆ ಹೊರಗಿಟ್ಟು ತಣ್ಣಗಾಗಲು ಬಿಡಬೇಕು. ಆಮೇಲೆ ಅದರ ಬಾಯಿಗೆ ಬಾಹ್ಟಿನೊವ್ ಮುಚ್ಚಳ ಹಾಕಬೇಕು. ಇದನ್ನು ರಷ್ಯಾದ ಪಾವೆಲ್ ಬಾಹ್ಟಿನೊವ್ 2005ರಲ್ಲಿ ಕಂಡುಹಿಡಿದರು. ಮೂರು ದಿಕ್ಕಿಗೆ ಸೀಳು ಕತ್ತರಿಸಿದ ಒಂದು ತಟ್ಟೆ, ಅಷ್ಟೇ. ರಟ್ಟಿನಲ್ಲಿಯೂ ಮಾಡಿಕೊಳ್ಳಬಹುದು. ಅದರ ಮೂಲಕ ನಕ್ಷತ್ರ ನೋಡಿದರೆ ಗುಣಾಕಾರ ಚಿಹ್ನೆಯಂತೆ ಎರಡು ಗೆರೆ, ನಡುವೆ ಇನ್ನೊಂದು ಗೆರೆ ಕಾಣುತ್ತದೆ. ನಡುವಿನ ಗೆರೆ ಸರಿಯಾಗಿ ಮಧ್ಯದಲ್ಲಿ ಹಾದು ಹೋದರೆ ಫೋಕಸ್ ಸರಿ. ಇದನ್ನು ಪ್ರತಿ ಫಿಲ್ಟರಿಗೂ ಮಾಡಿ, ತಿರುಪಿನ ಅಳತೆ ಬರೆದಿಟ್ಟುಕೊಳ್ಳಬೇಕು. ಚಳಿ ಹೆಚ್ಚಾದರೆ ಮತ್ತೆ ನೋಡಬೇಕು. ಕೊನೆಯಲ್ಲಿ ಮುಚ್ಚಳ ತೆಗೆಯಲು ಮರೆಯಬಾರದು!

ನಮ್ಮ ಪ್ರಯೋಗಾಲಯದಲ್ಲಿಯೂ ಇದನ್ನು ನೋಡಬಹುದು. ಕೋಣೆ ಕತ್ತಲು ಮಾಡಿ, ದೂರದಲ್ಲಿ ಒಂದು ಬಲ್ಬಿಗೆ ಕೆಂಪು ಬಣ್ಣದ ಹಾಳೆ ಅಡ್ಡ ಇಟ್ಟು, 20 ಸೆಂ.ಮೀ. ನಾಭಿದೂರದ ಪೀನ ಮಸೂರದಿಂದ ಪರದೆಯ ಮೇಲೆ ಬಿಂಬ ಮೂಡಿಸಿ. ನಂತರ ನೀಲಿ ಹಾಳೆ ಇಡಿ. ಬಿಂಬ ಮತ್ತೆ ಸ್ಪಷ್ಟವಾಗಬೇಕಾದರೆ ಪರದೆಯನ್ನು ಸುಮಾರು 3 ಮಿ.ಮೀ. ಮಸೂರದ ಕಡೆಗೆ ತರಬೇಕು. ಇದು ಒಂಟಿ ಮಸೂರವಾದ್ದರಿಂದ ಇಷ್ಟು ವ್ಯತ್ಯಾಸ.

ಹೋದ ವಾರ ಫೋನಿನಲ್ಲಿ ಮಾವನಿಗೆ ನಿಜ ಹೇಳಿದೆ. "ನೀಲಿ ಫೋಟೋ ನೋಡಿದಾಗಲೇ ಗೊತ್ತಾಯ್ತು ಕಣೇ. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ" ಅಂದರು. ನನಗೆ ಅಳು ಬಂತು. ಶಿವರಾತ್ರಿಗೆ ಮತ್ತೆ ಬರುತ್ತಾರಂತೆ. ಅಮಾವಾಸ್ಯೆಯ ಹಿಂದಿನ ರಾತ್ರಿಯಾದ್ದರಿಂದ ಆಕಾಶ ಕತ್ತಲಾಗಿರುತ್ತದೆ, ಮಹಾವ್ಯಾಧನೂ ಸಂಜೆಯೇ ಮೇಲಿರುತ್ತಾನೆ. ಹೇಗೂ ಜಾಗರಣೆ ಇದೆ, ನೀವೂ ಬನ್ನಿ. ಈ ಸಲ ಮೂರು ಬಣ್ಣಕ್ಕೂ ನಾನೇ ಫೋಕಸ್ ಮಾಡುತ್ತೇನೆ. ಹೊಸ ಫೋಟೋ ಅಂಟಿಸಲು ಕೆಳಗೆ ಜಾಗ ಬಿಟ್ಟಿದ್ದೇನೆ. ದಯವಿಟ್ಟು ಅಲ್ಲಿ ಯಾರೂ ಏನೂ ಬರೆಯಬೇಡಿ.

– 9ನೇ ತರಗತಿ ವಿದ್ಯಾರ್ಥಿನಿ