ಬಿಡುಗಡೆಯಾದವರಿಗೆ ಆಸರೆಯ ಮನೆ



ಫೆಬ್ರವರಿ 8ರಂದು ನಾವು ಸಂತ ಜೋಸೆಫಿನ್ ಬಖೀತಾರವರ ಹಬ್ಬವನ್ನು ಆಚರಿಸುತ್ತೇವೆ. 2015ರಿಂದ ಇದೇ ದಿನ ಧರ್ಮಸಭೆಯು ಮಾನವ ಕಳ್ಳಸಾಗಣೆಗೆ ತುತ್ತಾದವರಿಗಾಗಿ ಲೋಕದಾದ್ಯಂತ ಪ್ರಾರ್ಥಿಸುತ್ತದೆ. ಸುಡಾನಿನ ಈ ಬಾಲೆಯನ್ನು ಅಪಹರಿಸಿ ಮತ್ತೆ ಮತ್ತೆ ಮಾರಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅವರಿಗೆ ಬಿಡುಗಡೆ ಸಿಕ್ಕಿದ್ದು ಹೇಗೆ?

ವೆನಿಸ್ ನಗರದಲ್ಲಿ ಕನೋಸ್ಸಿಯನ್ ಭಗಿನಿಯರು ನಡೆಸುತ್ತಿದ್ದ ದೀಕ್ಷಾರ್ಥಿಗಳ ಮನೆಯಲ್ಲಿ ಬಖೀತಾ ತಂಗಿದ್ದರು. ಯಜಮಾನಿ ಬಂದು ಆಫ್ರಿಕಕ್ಕೆ ಹೊರಡು ಎಂದಾಗ, ಬರುವುದಿಲ್ಲ ಎಂದರು. 1889ರ ನವೆಂಬರ್ 29ರಂದು ಅವರು ಸ್ವತಂತ್ರರೆಂದು ತೀರ್ಪಾಯಿತು. ಇಟಲಿಯ ಕಾನೂನು ಗುಲಾಮಗಿರಿಯನ್ನು ಒಪ್ಪುತ್ತಿರಲಿಲ್ಲ. ಅವರು 1885ರಲ್ಲೇ ಇಟಲಿಗೆ ಬಂದಿದ್ದರೂ ಆ ಕಾನೂನು ಅವರ ಕೈಗೆ ಎಟುಕಿರಲಿಲ್ಲ. ಯಜಮಾನಿಯ ಮನೆಯ ಹೊರಗೆ ಊಟ, ಹಾಸಿಗೆ, ತಮ್ಮ ಪರ ಮಾತನಾಡುವವರು ದೊರೆತ ಮೇಲೆಯೇ ‘ಇಲ್ಲ’ ಎನ್ನುವ ಧೈರ್ಯ ಬಂದಿತು.

ನಮ್ಮ ದೇಶದಲ್ಲೂ ಹಾಗೆಯೇ. ಪೊಲೀಸರು ಬಿಡಿಸಿ ತಂದ ಹೆಣ್ಣುಮಗಳು ಆ ರಾತ್ರಿ ಎಲ್ಲಿ ಮಲಗಬೇಕು? ಇದಕ್ಕಾಗಿ ಕೇಂದ್ರ ಸರ್ಕಾರ 2007ರಲ್ಲಿ ಉಜ್ವಲಾ ಯೋಜನೆಯನ್ನು ತಂದಿತು (ಅಡುಗೆ ಅನಿಲದ ಉಜ್ವಲಾ ಬೇರೆ). 2022ರಲ್ಲಿ ಸ್ವಾಧಾರ ಗೃಹಗಳೊಡನೆ ಸೇರಿ ಅದು ‘ಶಕ್ತಿ ಸದನ’ವಾಯಿತು. ಅಲ್ಲಿ ವಸತಿ, ಊಟ, ಬಟ್ಟೆ, ಚಿಕಿತ್ಸೆ, ಕಾನೂನು ನೆರವು, ಕಸುಬಿನ ತರಬೇತಿ ಉಂಟು. ತುರ್ತಿಗೆ ‘ಸಖಿ’ ಕೇಂದ್ರದಲ್ಲಿ ಐದು ದಿನ ತಂಗಬಹುದು.

ಇಟ್ಟಿಗೆ ಗೂಡು, ಕಲ್ಲು ಕ್ವಾರಿಗಳಲ್ಲಿ ಮುಂಗಡ ಸಾಲಕ್ಕೆ ಕಟ್ಟುಬಿದ್ದ ಕುಟುಂಬಗಳ ದಾರಿ ಬೇರೆ. ಅವರಿಗೆ ಮುಖ್ಯವಾದದ್ದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಕೊಡುವ ಬಿಡುಗಡೆ ಪತ್ರ. 1976ರ ಜೀತಪದ್ಧತಿ ರದ್ದತಿ ಕಾಯ್ದೆಯಂತೆ ಆ ಸಾಲವೂ ರದ್ದು. ತಕ್ಷಣದ ನೆರವು 30,000 ರೂಪಾಯಿವರೆಗೆ; ಆಮೇಲೆ ಗಂಡಸರಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಅವರನ್ನು ಕಳ್ಳಸಾಗಿಸಿದಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ನಿವೇಶನ, ಕಡಿಮೆ ವೆಚ್ಚದ ಮನೆಯೂ ಯೋಜನೆಯಲ್ಲಿವೆ. ಆದರೆ ದೊಡ್ಡ ಮೊತ್ತವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಜೋಡಿಸಿದ್ದಾರೆ. ಮೊಕದ್ದಮೆ ಎಳೆಯುತ್ತಾ ಹೋದರೆ, ಮಳೆಗಾಲಕ್ಕೆ ಸೂರಿಲ್ಲದವರು ಇನ್ನೊಬ್ಬ ಮೇಸ್ತ್ರಿಯ ಮುಂಗಡಕ್ಕೆ ಕೈಯೊಡ್ಡದೆ ಏನು ಮಾಡಿಯಾರು? ಇದು ಯೋಜನೆಯ ದೊಡ್ಡ ಕೊರತೆಯೆಂದೇ ನಮ್ಮ ಭಾವನೆ.

ನಮ್ಮ ಧರ್ಮಕೇಂದ್ರದ ಸರಹದ್ದಿನಲ್ಲಿ ಬಿಡುಗಡೆಯಾಗಿ ಬಂದ ಇಂಥ ಕುಟುಂಬ ಕಂಡರೆ, ಬಿಡುಗಡೆ ಪತ್ರ ಸಿಕ್ಕಿದೆಯೇ ಎಂದು ಮೊದಲು ವಿಚಾರಿಸೋಣ. ಸಿಕ್ಕಿಲ್ಲವಾದರೆ ಅವರ ಜೊತೆ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗೋಣ. ಆಪತ್ತಿನಲ್ಲಿರುವ ಮಹಿಳೆಯರಿಗಾಗಿ 181ಕ್ಕೆ, ಮಕ್ಕಳಿಗಾಗಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು.